ಘಟಕ್ಕೆ ಕೂತ ಕಾರ್ಬೊರೇಟರು

ನಾನು ಮೋಟರ್‌ಸೈಕಲ್ಲನ್ನು ಬರಿಗಾಲಿನಲ್ಲಿ ಓಡಿಸುತ್ತೇನೆ. ಕಲಬುರಗಿಯ ಸ್ಟೇಶನ್ ಬಜಾರದ ಪೆಟ್ರೋಲ್ ಪಂಪಿನವರು ಮೊದಮೊದಲು ಇದೇನೋ ಹರಕೆ ಇರಬೇಕು ಎಂದುಕೊಂಡರು. ವರ್ಷಗಳು ಕಳೆದರೂ ಹರಕೆ ತೀರದ್ದನ್ನು ನೋಡಿ ಕಾಲೇಜು ಮಾಸ್ತರರಿಗೆ ಸಂಬಳ ಸಾಲುತ್ತಿಲ್ಲ ಎಂದುಕೊಂಡರು. ಹಳೆಯ ಗಾಡಿಯ ಕಿಕ್ಕು ಅಂಗಾಲಿಗೆ ಏನು ಮಾಡುತ್ತದೆ ಎಂದು ಬಲ್ಲವರು ನನ್ನನ್ನು ಹಠಯೋಗಿ ಎಂದೂ ತಿಳಿದಿರಬಹುದು. ನಾನು ಯಾರಿಗೂ ಬಿಡಿಸಿ ಹೇಳಲು ಹೋಗಿಲ್ಲ. ನನ್ನ ಗಾಡಿಯ ಕಾರ್ಬೊರೇಟರಿನಲ್ಲಿ ದೇವರಿದ್ದಾನೆ, ಆದ್ದರಿಂದ ಚಪ್ಪಲಿ ಮೆಟ್ಟುವಂತಿಲ್ಲ ಎಂದು ಪಂಪಿನ ಮುಂದೆ ನಿಂತು ಹೇಳಿದರೆ ಹಿಂದಿನ ಸಾಲು ಕೇಳಿಸಿಕೊಂಡು ನಿಲ್ಲುವುದಿಲ್ಲ. ನೀವು ಆರಾಮಾಗಿ ಕೂತಿದ್ದೀರಿ, ನಿಮಗೆ ಹೇಳಬಹುದು.

ಗಾಡಿ ಮೂಲತಃ ನಮ್ಮ ಮಾವನವರದು. ಅವರು ಸರ್ವೇ ಖಾತೆಯಲ್ಲಿದ್ದಾಗ ಕಮಲಾಪುರದಿಂದ ಸುತ್ತಲಿನ ಹಳ್ಳಿಗಳಿಗೆಲ್ಲ ಅದರ ಮೇಲೇ ಓಡಾಡಿದ್ದರು. ನಿವೃತ್ತರಾದ ಮೇಲೆ ಗಾಡಿಯೂ ನಿವೃತ್ತವಾಗಿ ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕೆಯ ಕೆಳಗೆ ಮಲಗಿತ್ತು. ಪೆಟ್ರೋಲ್ ಟಾಕಿಯ ಮೇಲಿನ ಕಂಪನಿಯ ಬಿಲ್ಲೆ ಎಂದೋ ಉದುರಿಹೋಗಿದ್ದರಿಂದ ಅದು ಯಾವ ದೇಶದ ಗಾಡಿ ಎಂಬುದರ ಬಗ್ಗೆ ಊರಿನಲ್ಲಿ ಎರಡು ಪಕ್ಷಗಳಿದ್ದವು. ನನ್ನ ಹೆಂಡತಿ ವಸುಧಾ ಚಿಕ್ಕವಳಿದ್ದಾಗ ಆ ಟಾಕಿಯ ಮೇಲೆ ಅಪ್ಪನ ಎರಡು ಕೈಗಳ ನಡುವೆ ಕೂತು ಗಾಳಿಗೆ ಬಾಯಿ ತೆರೆದುಕೊಂಡು ಹೋಗುತ್ತಿದ್ದಳಂತೆ. ಮಾವನವರು ಆ ಗಾಡಿಯನ್ನು ಗುಜರಿಗೆ ಹಾಕುವ ಮಾತೆತ್ತಿದಾಗ ಅವಳ ಮುಖ ನೋಡಲಾಗಲಿಲ್ಲ. ಆದರೆ ಅವಳು ಅಳಲಿಲ್ಲ. ಅದಕ್ಕಿಂತ ಅಪಾಯದ ಕೆಲಸ ಮಾಡಿದಳು.

"ಅಪ್ಪಾ, ಗುಜರಿಗೆ ಯಾಕ? ನಮ್ಮನಿಯವರು ರಿಪೇರಿ ಮಾಡ್ತಾರ," ಎಂದಳು.

ನಾನು ಕಾಲೇಜಿನಲ್ಲಿ ಸಂಸ್ಕೃತ ಕಲಿಸುವವನು. ಅಲ್ಲಿಯವರೆಗೆ ನಾನು ಬಿಚ್ಚಿದ ಅತಿ ದೊಡ್ಡ ಯಂತ್ರವೆಂದರೆ ಶಾಯಿ ಪೆನ್ನು. ಮಾವನವರು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿದರು. ಭೂಮಿ ಅಳೆದವರ ಕಣ್ಣು ಅದು. ಆಮೇಲೆ ಮೆಲ್ಲಗೆ ಹೇಳಿದರು: "ಅಳಿಯಂದ್ರ, ಹಂಗಾದ್ರ ದಸರಾ ದಿನ ಈ ಗಾಡಿ ಮ್ಯಾಲೆ ಕೂತು ನಮಗ ಬನ್ನಿ ಕೊಡ್ಲಿಕ್ಕೆ ಬರ್ರಿ. ಬಂದ್ರ ಗಾಡಿ ನಿಮ್ದು. ಬರಲಿಲ್ಲಂದ್ರ ಮರುದಿನ ಗುಜರಿಯವಗ ಹೇಳಿ ಕಳಸ್ತೀನಿ." ಹೀಗೆ ನನ್ನ ಮರ್ಯಾದೆ ಮತ್ತು ವಸುಧಾಳ ಟಾಕಿ ಎರಡೂ ಒಂದೇ ಹಗ್ಗಕ್ಕೆ ಬಿದ್ದವು.

ಗಾಡಿಯನ್ನು ಕಲಬುರಗಿಗೆ ಹೇರಿಸಿ ತಂದೆ. ಗಾಜಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಗಾಡಿ ಬಿಚ್ಚುವ ಶುಭಕಾರ್ಯ ಆರಂಭವಾಯಿತು. ಬಿಚ್ಚುವುದು ಬಹಳ ಸುಲಭ ಎಂದು ಇಲ್ಲಿ ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ. ಒಂದು ವಾರದಲ್ಲಿ ಪಡಸಾಲೆ ತುಂಬ ಗಾಡಿಯೇ ಗಾಡಿ, ಆದರೆ ಎಲ್ಲಿ ನೋಡಿದರೂ ಗಾಡಿ ಇಲ್ಲ. ನಮ್ಮ ತರ್ಕಶಾಸ್ತ್ರದ ನೈಯಾಯಿಕರು ಇದರ ಬಗ್ಗೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ. ಅವಯವಗಳು ಬೇರೆ, ಅವಯವಿ ಬೇರೆ. ಬಿಡಿಭಾಗಗಳನ್ನು ಕೂಡಿಸಿದಾಗ ಹುಟ್ಟುವ ಇಡೀ ವಸ್ತು ಆ ಭಾಗಗಳಿಗಿಂತ ಬೇರೆಯದೇ ಆದ ಇನ್ನೊಂದು ಎಂದು ಅವರ ವಾದ. ಹಾಗೇನಿಲ್ಲ, ಭಾಗಗಳಷ್ಟೇ ನಿಜ, ಇಡಿ ಎನ್ನುವುದು ಬರೀ ಹೆಸರು ಎಂದು ಬೌದ್ಧರು. ತರಗತಿಯಲ್ಲಿ ನಾನು ಯಾವಾಗಲೂ ನೈಯಾಯಿಕರ ಕಡೆ. ಪಡಸಾಲೆಯಲ್ಲಿ ಕೂತು ನೋಡಿದಾಗ ಬೌದ್ಧರು ಎಲ್ಲೋ ಒಂದು ಹಳೆಯ ಗಾಡಿ ಬಿಚ್ಚಿದವರೇ ಇರಬೇಕು ಎನ್ನಿಸಿತು.

ನಮ್ಮ ತಾಯಿಗೆ, ಅಂದರೆ ಆಯಿಗೆ, ಈ ದರ್ಶನಗಳಲ್ಲಿ ಆಸಕ್ತಿ ಇರಲಿಲ್ಲ. ಅವಳದು ಮಡಿಯ ಪ್ರಶ್ನೆ. ಅಡಿಗೆಮನೆಯಿಂದ ತುಳಸಿಕಟ್ಟೆಗೆ ಹೋಗುವ ದಾರಿಯಲ್ಲೇ ಎಂಜಿನ್ನು ಕೂತಿತ್ತು. ಒದ್ದೆ ಸೀರೆ ಎತ್ತಿ ಹಿಡಿದು ಗೇರುಗಳ ನಡುವೆ ಕುಪ್ಪಳಿಸಿ ಕುಪ್ಪಳಿಸಿ ಸಾಕಾದ ಮೇಲೆ ಆಯಿ ತೀರ್ಪು ಕೊಟ್ಟಳು: ತಾಮ್ರ, ಹಿತ್ತಾಳಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಶುದ್ಧ, ಕಬ್ಬಿಣ ನೀರು ಚಿಮುಕಿಸಿದರೆ ಶುದ್ಧ, ರಬ್ಬರಿಗೆ ಮಾತ್ರ ಪ್ರಾಯಶ್ಚಿತ್ತವೇ ಇಲ್ಲ. ಅಂದಿನಿಂದ ಟೈರುಗಳು ಬಚ್ಚಲ ಹಿಂದೆ ಹೋದವು. ಹಿತ್ತಾಳಿಯ ಸಾಮಾನನ್ನೆಲ್ಲ ಆಯಿ ತಾನೇ ಕೂತು ತಿಕ್ಕಿದಳು. ಕಾರ್ಬೊರೇಟರಿನ ಒಳಗೆ ಪೆಟ್ರೋಲಿನ ಮೇಲೆ ತೇಲುತ್ತಿರಲೆಂದು ಹಿತ್ತಾಳಿಯ ಒಂದು ಪೊಳ್ಳು ಗುಂಡು ಇರುತ್ತದೆ, ಫ್ಲೋಟು ಎನ್ನುತ್ತಾರೆ. ಹೆಚ್ಚೆಂದರೆ ಕುಂಕುಮದ ಭರಣಿಯಷ್ಟು ದೊಡ್ಡದು. ಪೆಟ್ರೋಲು ಏರಿದರೆ ಅದೂ ಏರಿ ಬಾಗಿಲು ಹಾಕುತ್ತದೆ, ಇಳಿದರೆ ಇಳಿದು ತೆಗೆಯುತ್ತದೆ. ಆಯಿಯ ಕೈಯಲ್ಲಿ ಅದು ಬಂಗಾರದ ಹಾಗೆ ಹೊಳೆಯತೊಡಗಿತು.

ಗಾಡಿ ಸುಧಾರಿಸುವ ಕೆಲಸಕ್ಕೆ ಎಲ್ಲರೂ ಕೈಹಚ್ಚಿದರು. ಹಳೆಯ ಗಾದಿಯ ಅರಳೆ ಕಿತ್ತು ವಸುಧಾ ಸೀಟು ಹೊಲಿದಳು. ಆಯಿ ಹ್ಯಾಂಡಲಿನ ಹಿಡಿಕೆಗಳಿಗೆ ಕೆಂಪು ಉಣ್ಣೆಯ ಕುಲಾವಿ ಹೆಣೆದಳು. ಶಹಾಬಜಾರದಲ್ಲಿ ಮದುವೆಯ ಟ್ರಂಕುಗಳಿಗೆ ಬಣ್ಣ ಹಚ್ಚುವವನೊಬ್ಬನಿಗೆ ಟಾಕಿ ಕೊಟ್ಟು, ಕರಿ ಬಣ್ಣ ಸಾಕು ಎಂದು ಹೇಳಿ ಬಂದೆ. ಅವನಿಗೆ ಬರೀ ಕರಿ ಬಣ್ಣ ಹಚ್ಚಿ ಕೊಡಲು ಮನಸ್ಸಾಗಲಿಲ್ಲವಂತೆ. ಟಾಕಿಯ ಎರಡೂ ಮಗ್ಗುಲಿಗೆ ಕಮಲದ ಹೂವು, ಎದುರುಬದುರು ಗಿಳಿ ಬರೆದುಕೊಟ್ಟ. ಎಂಜಿನ್ನು ಕೂಡಿಸಿಕೊಟ್ಟವನು ಸ್ಟೇಶನ್ ಬಜಾರದ ಮೆಕ್ಯಾನಿಕ್ ಮೌಲಾಸಾಬ. ಅವನೂ ಇಂಥ ಗಾಡಿ ಎಂದೂ ಕಂಡವನಲ್ಲ, ಆದರೆ ಆತ್ಮವಿಶ್ವಾಸದಲ್ಲಿ ನನ್ನನ್ನೂ ಮೀರಿಸಿದ್ದ. ಕೂಡಿಸಿ ಮುಗಿದ ಮೇಲೆ ಉಳಿದ ಒಂದು ಬೊಗಸೆ ನಟ್ಟುಗಳನ್ನು ತೋರಿಸಿದರೆ, "ಇವು ಫಾಲ್ತೂ ಸರ್, ಗಾಡಿ ಹಗುರಾಯ್ತು," ಎಂದ.

ಇನ್ನು ಕಾರ್ಬೊರೇಟರು ಒಂದು ಬಾಕಿ. ನವರಾತ್ರಿ ಆಗಲೇ ಶುರುವಾಗಿತ್ತು. ಅದರ ಹೊಟ್ಟೆಯೊಳಗಿನ ಸಾಮಾನನ್ನು, ಅಂದರೆ ಆ ಫ್ಲೋಟು ಮತ್ತು ನಾಲ್ಕಾರು ಪುಟ್ಟ ಹಿತ್ತಾಳಿ ತುಂಡುಗಳನ್ನು, ಕಳೆದುಹೋಗಬಾರದೆಂದು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಹೋಗಿ ನೋಡಿದರೆ ಡಬ್ಬಿಯೇ ಇಲ್ಲ.

"ಆಯಿ, ಇಲ್ಲಿದ್ದ ಡಬ್ಬಿ ಎಲ್ಲದ?"

"ಅದು ನಮ್ಮ ಡಬ್ಬಿ ಎಲ್ಲಿದೋ? ವಸುಧಾನ ತವರುಮನಿಯಿಂದ ಶೇಂಗಾ ಉಂಡಿ ತುಂಬಿ ಬಂದಿತ್ತಲ್ಲ, ಅದು. ಅಮಾಸಿ ಹಿಂದಿನ ದಿನ ಕಮಲಾಪುರಕ್ಕ ಹೋಗೋರು ಸಿಕ್ಕರು, ಕೊಟ್ಟು ಕಳಿಸಿದೆ."

"ನೋಡಿ ಕಳಸಬೇಕಲ್ಲ?"

"ನೋಡಲಾರದ ಕಳಸ್ತೀನೇನು? ಬೀಗರ ಡಬ್ಬಿ ಖಾಲಿ ಕಳಸಬಾರದಂತ ಅಳ್ಳಾಡಿಸಿ ನೋಡಿದೆ. ಒಳಗ ಗಡಗಡ ಅಂತು. ಸೊಸಿ ಏನೋ ಹಾಕ್ಯಾಳ, ಭೇಷ್ ಆತು ಅಂತ ಸುಮ್ಮನಾದೆ."

ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿರಬೇಕು. ಒಬ್ಬರ ಮನೆಯಿಂದ ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಆದ್ದರಿಂದ ಎರಡು ಮನೆಗಳ ನಡುವೆ ಒಮ್ಮೆ ಓಡಾಡಲು ಸುರುಮಾಡಿದ ಡಬ್ಬಿಗೆ ಸಾಯುವವರೆಗೆ ಬಿಡುಗಡೆ ಇಲ್ಲ. ಈ ಪದ್ಧತಿಯಲ್ಲಿ ಡಬ್ಬಿ ಖಾಲಿ ಇರಬಾರದು ಎಂದಷ್ಟೇ ಇದೆ. ಒಳಗಿರುವುದು ತಿನ್ನುವಂಥದ್ದೇ ಇರಬೇಕು ಎಂದು ಯಾರೂ ಬರೆದಿಟ್ಟಿಲ್ಲ. ಹಾಗೆಯೇ, ಬೀಗರು ಏನು ಕಳಿಸಿದರೂ ಇದೇನು ಎಂದು ಕೇಳುವಂತಿಲ್ಲ.

ಕಮಲಾಪುರದ ಬಸ್ಸು ಹತ್ತಿದೆ. ಅತ್ತೆಯವರು ನನ್ನನ್ನು ಕಂಡದ್ದೇ ಕಾಲಿಗೆ ನೀರು ಕೊಟ್ಟು ನೇರವಾಗಿ ದೇವರ ಮನೆಗೆ ಕರೆದುಕೊಂಡು ಹೋದರು. ದೇವರ ಜಗಲಿಯ ಮೇಲೆ ಬಾಲಕೃಷ್ಣನ ಪಕ್ಕದಲ್ಲಿ, ವೀಳ್ಯದೆಲೆಯ ಮೇಲೆ, ಮೈತುಂಬ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಇಟ್ಟುಕೊಂಡು ನನ್ನ ಫ್ಲೋಟು ವಿರಾಜಮಾನವಾಗಿತ್ತು. ಪುಟ್ಟ ತುಂಡುಗಳು ಪರಿವಾರ ದೇವತೆಗಳಾಗಿ ಸುತ್ತ ನಿಂತಿದ್ದವು.

"ಏನ ಕಳಿಸೀರಿ ಅಂತ ನಾವು ಕೇಳಬಾರದು," ಎಂದರು ಅತ್ತೆಯವರು, ಕಣ್ಣಲ್ಲಿ ನೀರು ತಂದುಕೊಂಡು. "ಆದ್ರ ದೇವರ ಸಾಮಾನು ತೊಳಿಬೇಕಾದ್ರ ಎಲ್ಲಾ ನೀರಾಗ ಮುಳಗಿದ್ವು, ಇದೊಂದು ಮ್ಯಾಲೆ ತೇಲಿತು. ಮುಳಗಿಸಿದ್ರೂ ಮತ್ತ ಮ್ಯಾಲೆ ಬಂತು. ನನಗ ಮೈ ಝುಂ ಅಂತು ನೋಡ್ರಿ. ಅದಕ್ಕ ಘಟಕ್ಕ ಕೂಡಿಸೀವಿ."

ಘಟಕ್ಕೆ ಕೂಡಿಸುವುದೆಂದರೆ ನವರಾತ್ರಿಯ ಮೊದಲನೆಯ ದಿನ ದೇವರನ್ನು ಎಲೆಯ ಮೇಲಿಟ್ಟರೆ ಮುಗಿಯಿತು. ದಸರೆಯ ದಿನ ಏಳುವವರೆಗೆ ಜಾಗ ಬಿಟ್ಟು ಕದಲಿಸುವಂತಿಲ್ಲ, ಮುಟ್ಟುವಂತಿಲ್ಲ. ನಾನು ಬಾಯಿ ತೆರೆದೆ. ಅತ್ತೆಯವರು ಫ್ಲೋಟಿಗೆ ಕೈ ಮುಗಿದು ನಿಂತಿದ್ದರು. ತೆರೆದ ಬಾಯಿಗೆ ತೀರ್ಥ ಹಾಕಿಸಿಕೊಂಡು ಹೊರಗೆ ಬಂದೆ. ಕಟ್ಟೆಯ ಮೇಲೆ ಕೂತಿದ್ದ ಮಾವನವರು, "ಗಾಡಿ ಹ್ಯಾಂಗ ನಡದದರಿ?" ಎಂದು ಕೇಳಿದರು. "ಇನ್ನೊಂದು ಸ್ವಲ್ಪ ಅದರಿ," ಎಂದೆ.

ಮೌಲಾಸಾಬ ಫ್ಲೋಟಿನ ಜಾಗಕ್ಕೆ ಬಾಟಲಿಯ ಬೂಚು ಹಾಕಿ ನೋಡಿದ. ಪೆಟ್ರೋಲೆಲ್ಲ ಹರಿದು ಆಯಿಯ ರಂಗೋಲಿಯ ಮೇಲೆ ಬಿತ್ತು. ಅಂಥದೇ ಇನ್ನೊಂದು ತರೋಣವೆಂದರೆ ಅಂಗಡಿಯವರು ಯಾವ ಕಂಪನಿ ಎಂದು ಕೇಳುತ್ತಿದ್ದರು. ನಾನು ಕೈಚೆಲ್ಲಿ ಕೂತೆ. ಗುಜರಿಯವನು ಗಿಳಿ ಬರೆದ ಟಾಕಿಯನ್ನು ತಕ್ಕಡಿಗೆ ಹಾಕುವುದು ನನ್ನ ಕಣ್ಣ ಮುಂದೆ ಬಂತು. ವಸುಧಾ ಮಾತ್ರ ಶಾಂತವಾಗಿ ಸೀಟಿನ ಕೊನೆಯ ಹೊಲಿಗೆ ಹಾಕುತ್ತಿದ್ದಳು.

"ಅಪ್ಪ ಏನಂದಾರ? ಗಾಡಿ ಮ್ಯಾಲೆ ಕೂತು ಬರ್ರಿ ಅಂದಾರ. ಗಾಡಿ ಚಾಲೂ ಇರಬೇಕಂತ ಅಂದಾರೇನ್ರಿ?" ಎಂದಳು.

ಕಮಲಾಪುರದ ಕೆಂಪು ಬಾಳೆಹಣ್ಣು ತುಂಬಿಕೊಂಡು ದಿನಾಲು ಕಲಬುರಗಿಯ ಮಾರ್ಕೆಟ್ಟಿಗೆ ಒಂದು ಟೆಂಪೊ ಬರುತ್ತಿತ್ತು. ಹಿಂದಕ್ಕೆ ಹೋಗುವಾಗ ಬರಿದು. ಅದರ ಡ್ರೈವರನನ್ನು ಕೇಳಿದೆವು. "ಹಾಕ್ರಿ ಸಾಬ್, ಖಾಲಿ ಹೋಗೂದಕಿಂತ ಅಚ್ಛಾ ಅದ," ಎಂದ. ಡಬ್ಬಿಯ ಪದ್ಧತಿ ಟೆಂಪೊಗಳಿಗೂ ಅನ್ವಯಿಸುತ್ತದೆ ಎಂದು ನನಗೆ ಆಗಲೇ ತಿಳಿದದ್ದು.

ದಸರೆಯ ಮಧ್ಯಾಹ್ನ ಟೆಂಪೊದ ಮೇಲೆ ಗಾಡಿ, ಗಾಡಿಯ ಮೇಲೆ ಧೋತರ ಉಟ್ಟು ಕರಿ ಟೋಪಿ ಹಾಕಿದ ನಾನು, ನನ್ನ ಹಿಂದೆ ಜರಿ ಸೀರೆಯಲ್ಲಿ ಬನ್ನಿಯ ಟೊಂಗೆ ಹಿಡಿದ ವಸುಧಾ. ತಿರುವುಗಳಲ್ಲಿ ನಾನು ಸೈಕಲ್ಲಿನ ಅಭ್ಯಾಸಬಲದಿಂದ ಹ್ಯಾಂಡಲ್ ತಿರುಗಿಸುತ್ತಿದ್ದೆ. ಇದೇನೋ ಮೆರವಣಿಗೆ ಎಂದು ದಾರಿಯುದ್ದಕ್ಕೂ ಜನ ಕೈ ಮುಗಿದರು. ಒಬ್ಬ ಮುದುಕಿ ಕಾಯಿ ಒಡೆಯಲೇ ಎಂದೂ ಕೇಳಿದಳು.

ಕಮಲಾಪುರದಲ್ಲಿ ಮನೆಯ ಮುಂದೆ ಟೆಂಪೊ ನಿಂತಿತು. ಮಾವನವರು ಕಟ್ಟೆಯಿಂದ ಎದ್ದು ಬಂದು ಗಿಳಿಗಳನ್ನು ನೋಡಿದರು, ಕುಲಾವಿಗಳನ್ನು ನೋಡಿದರು.

"ಅಳಿಯಂದ್ರ, ಗಾಡಿ ಮ್ಯಾಲೆ ನೀವು ಬಂದ್ರೋ, ನಿಮ್ಮ ಕೆಳಗ ಗಾಡಿ ಬಂತೋ?"

ನಾನು ಟೋಪಿ ಸರಿಮಾಡಿಕೊಂಡೆ. ವಸುಧಾ ಟೊಂಗೆ ಹಿಡಿದ ಕೈಯನ್ನು ಕೆಳಗೆ ಬಿಟ್ಟಳು. ಮಾವನವರು ಅವಳ ಕಡೆ ನೋಡಿದರು. ಒಳಗೆ ಹೋದರು. ಹೊರಗೆ ಬಂದಾಗ ಅವರ ಅಂಗೈಯಲ್ಲಿ ಕುಂಕುಮದ ಸಮೇತ ನನ್ನ ಫ್ಲೋಟು ಮತ್ತು ಅದರ ಪರಿವಾರ. ಹಿಂದೆ ಗಾಬರಿಯಿಂದ ಅತ್ತೆಯವರು.

"ಇದರ ಬುಡಕ್ಕ ಬೆಸುಗಿ ಹಾಕಿಸಿದಾಂವ ನಾನ," ಎಂದರು. "ಮೊದಲನೇ ದಿನಾನ ಗುರ್ತ ಹಿಡದೀನಿ."

"ಹಂಗಾದ್ರ ಹೇಳಬೇಕಿತ್ತಲ್ಲರಿ," ಎಂದೆ.

"ಘಟಕ್ಕ ಕೂತಾಂವನ್ನ ಎಬ್ಬಸೂದ ಹ್ಯಾಂಗ್ರಿ? ಮತ್ತ ಇಕಿಗೆ ಯಾರು ಹೇಳಬೇಕು?" ಎಂದು ಅತ್ತೆಯವರ ಕಡೆ ಕಣ್ಣು ತೋರಿಸಿದರು.

ಗಾಡಿ ಇಳಿಸಿದೆವು. ಅವರೇ ಕಾರ್ಬೊರೇಟರು ಕೂಡಿಸಿ, ಧೋತರದ ಕಚ್ಚೆ ಬಿಗಿದು, ಬರಿಗಾಲಲ್ಲೇ ಕಿಕ್ ಹೊಡೆದರು. ಗಾಡಿ ಕೆಮ್ಮಿತು, ಕುಂಕುಮದ ಕೆಂಪು ಹೊಗೆ ಉಗುಳಿತು, ಆಮೇಲೆ ಡಗ್ ಡಗ್ ಎಂದು ನಿಂತಲ್ಲೇ ಕುಣಿಯತೊಡಗಿತು. ವಸುಧಾ ತಾನು ಮೂವತ್ತರ ಹೆಂಗಸು ಎಂಬುದನ್ನು ಮರೆತು ಟಾಕಿಯನ್ನು ತಬ್ಬಿಕೊಂಡಳು. ಮಾವನವರು ನಮ್ಮ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೋಣು. ಗಾಡಿ ನಿಮ್ದು," ಎಂದು ತಟಕ್ಕನೆ ಮುಖ ಆಚೆ ತಿರುಗಿಸಿದರು.

ಅತ್ತೆಯವರಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು. ಹತ್ತಿರ ಬಂದು ಬಗ್ಗಿ ಎಂಜಿನ್ನನ್ನು ನೋಡಿದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. "ಏನರ ಇರಲಿ, ನಮ್ಮ ಮನ್ಯಾಗ ನವರಾತ್ರಿ ಕೂತದ, ನಿತ್ಯ ನೈವೇದ್ಯ ಉಂಡದ," ಎಂದರು. "ಇನ್ನ ಮ್ಯಾಲೆ ಅದರ ಮ್ಯಾಲೆ ಹತ್ತೂಮುಂದ ಚಪ್ಪಲ್ ಬಿಟ್ಟು ಹತ್ರಿ." ಹೀಗೆ ಹೇಳಿ, ಅದೇ ಡಬ್ಬಿಯ ತುಂಬ ಉಂಡಿ ಹಾಕಿ ವಸುಧಾಳ ಮಡಿಲಿಗಿಟ್ಟರು. ಅವಳು ಮುಚ್ಚಳ ತೆಗೆದು ನೋಡಿಯೇ ಇಟ್ಟುಕೊಂಡಳು.

ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಗಾದೆ ಸುಳ್ಳಲ್ಲ, ಆದರೆ ಆ ಕೊಡ ನೀರಿಗೆ ಬಿದ್ದರೆ ಮುಳುಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆಯಿ ಖಾಲಿ ಡಬ್ಬಿ ಕಳಿಸಬಾರದೆಂದು ಕಳಿಸಿದ್ದು ಒಂದು ಪೊಳ್ಳು ಗುಂಡನ್ನು. ಪೊಳ್ಳಾಗಿದ್ದಕ್ಕೇ ಅದು ತೇಲಿತು, ತೇಲಿದ್ದಕ್ಕೇ ದೇವರಾಯಿತು. ಗಾಡಿ ರಿಪೇರಿಯ ವಿಷಯದಲ್ಲಿ ನನ್ನ ತಲೆಯೂ ಅಷ್ಟೇ ಪೊಳ್ಳಾಗಿದ್ದದ್ದರಿಂದ ವಸುಧಾಳ ಮಾತಿಗೆ ಅಂದು ನಾನು ಹೂಂ ಎಂದೆ. ಸ್ವಲ್ಪ ತಿಳಿವಳಿಕೆ ಇದ್ದಿದ್ದರೆ ಗಾಡಿ ಗುಜರಿಗೇ ಹೋಗುತ್ತಿತ್ತು. ಅತ್ತೆಯವರಿಗೆ ಈಗ ಕಣ್ಣು ಮಂಜು. ಆದರೂ ನಾವು ಕಮಲಾಪುರಕ್ಕೆ ಹೋದಾಗಲೆಲ್ಲ ಗಾಡಿಯ ಸದ್ದು ಕೇಳಿ ಬಾಗಿಲಿಗೆ ಬಂದು, ಮೊದಲು ಕಾರ್ಬೊರೇಟರಿಗೆ ಕುಂಕುಮ ಹಚ್ಚುತ್ತಾರೆ, ಆಮೇಲೆ ಬಗ್ಗಿ ನನ್ನ ಪಾದ ಮುಟ್ಟಿ ನೋಡುತ್ತಾರೆ. ಹೊಸಬರು ಯಾರಾದರೂ ಅದನ್ನು ಕಂಡರೆ, ಅಳಿಯನ ಮೇಲೆ ಎಂಥ ಭಕ್ತಿ ಎನ್ನುತ್ತಾರೆ. ಚಪ್ಪಲಿ ಇದೆಯೋ ಇಲ್ಲವೋ ಎಂದು ಅವರು ತಪಾಸಣೆ ಮಾಡುತ್ತಿದ್ದಾರೆ ಎಂದು ನಾನು ಯಾರಿಗೂ ಹೇಳಿಲ್ಲ.