ಕೆಡವದ ರಾವಸಾಬನ ಎರಡು ಕ್ವಿಂಟಾಲ್ ಗಾಡಿ

ರಾವಸಾಬ ಮೂವತ್ತೆರಡು ವರ್ಷ ಸರಕಾರಿ ಬಸ್ಸು ಓಡಿಸಿದ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ನಾಲ್ಕೂ ತಾಲೂಕಿನ ಹಾದಿ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಅಷ್ಟು ವರ್ಷದಲ್ಲಿ ಒಂದು ಕೋಳಿಯೂ ಅವನ ಗಾಲಿಗೆ ಸಿಕ್ಕಿರಲಿಲ್ಲ, ಬಸ್ಸಿನ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಅದಕ್ಕಾಗಿ ಕೊಟ್ಟ ಬೆಳ್ಳಿ ಬಿಲ್ಲೆಯನ್ನು ನಿವೃತ್ತಿಯಾದ ಮೇಲೂ ಅಂಗಿಗೆ ಸಿಕ್ಕಿಸಿಕೊಂಡೇ ಅವನು ದೇವರ ಹಿಪ್ಪರಗಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ. ಊರಲ್ಲಿ ಅವನಿಗೆ ‘ಕೆಡವದ ರಾವಸಾಬ’ ಅಂತಲೇ ಹೆಸರು.

ಬಸ್ಸು ಬಿಟ್ಟರೂ ಬಸ್ಸಿನ ಚಾಳಿ ಬಿಡಲಿಲ್ಲ. ಅವನಿಗೆ ಎರಡು ಚಾಳಿ ಇದ್ದವು. ಒಂದು, ಯಾರಾದರೂ ‘ರೈಟ್’ ಅನ್ನದೆ ಅವನು ಜಾಗ ಬಿಟ್ಟು ಏಳುತ್ತಿರಲಿಲ್ಲ. ಇಪ್ಪತ್ತು ವರ್ಷ ಅವನ ಜೊತೆಗಿದ್ದ ಕಂಡಕ್ಟರ್ ಮಹಮ್ಮದಹನೀಫ, ಮದುವೆ ಮನೆಯ ಪಂಕ್ತಿಯಲ್ಲೂ ಊಟ ಮುಗಿದ ಮೇಲೆ ಮೆಲ್ಲಗೆ ರೈಟ್ ಅಂದಾಗಲೇ ಈತ ಎಲೆ ಬಿಟ್ಟೇಳುತ್ತಿದ್ದ. ಇನ್ನೊಂದು, ಯಾರಾದರೂ ಕೈ ಎತ್ತಿದರೆ ಇವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಗ್ರಾಮಸಭೆಯಲ್ಲಿ ಕೈ ಎತ್ತಿ ಮತ ಹಾಕುವಾಗ ಪಕ್ಕದಲ್ಲಿ ಕೂತವರ ಕಾಲ ಹೆಬ್ಬೆರಳುಗಳಿಗೆ ಇದರ ಅನುಭವವಾಗಿದೆ.

ಇಂಥ ಮನುಷ್ಯ ನಿವೃತ್ತಿಯಾಗಿ ನಾಲ್ಕು ತಿಂಗಳಿಗೆ, ಯಾರಿಗೂ ಹೇಳದೆ ಕೇಳದೆ, ವಿಜಯಪುರದಿಂದ ಒಂದು ದೊಡ್ಡ ಮೋಟರ್‌ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ. ಕಲ್ಲು, ಮರಳು, ಕೆಸರು ಯಾವುದಕ್ಕೂ ಅಂಜದ ಗಾಡಿ ಅಂತ ಮಾರಿದವರು ಹೇಳಿದ್ದರು. ತೂಕ ಎರಡು ಕ್ವಿಂಟಾಲ್ ಮೇಲೆ ಹತ್ತು ಕಿಲೊ. ಎತ್ತರ ಎಷ್ಟೆಂದರೆ ಹತ್ತುವಾಗ ರಾವಸಾಬ ಕಟ್ಟೆಯ ಪಕ್ಕಕ್ಕೆ ಒಯ್ಯುತ್ತಿದ್ದ, ಇಳಿಯುವಾಗ ಇನ್ನೊಂದು ಕಟ್ಟೆ ಹುಡುಕುತ್ತಿದ್ದ.

ಹೆಂಡತಿ ದುರ್ಗವ್ವ ಅದನ್ನು ಒಂದು ಸುತ್ತು ಹಾಕಿ ನೋಡಿದಳು. ಇದಕ್ಕೆ ಕೋಡೊಂದು ಕಡಿಮೆ ಅಂದಳು. ಅವಳು ಅಂಜುಬುರುಕಿಯಲ್ಲ. ಮೂರು ವರ್ಷದ ಹಿಂದೆ ಪಕ್ಕದ ಮನೆಯ ಭೀಮುವಿನ ಎಮ್ಮೆ ಕರು ಹಾಕಿ ಸೋತು ಕುಸಿದು ಬಿದ್ದಾಗ ಭೀಮು ಅದರ ಆಸೆ ಬಿಟ್ಟಿದ್ದ. ಎಬ್ಬಿಸಿ ನಿಲ್ಲಿಸಿದವಳು ದುರ್ಗವ್ವ. ಅವರ ಓಣಿಯಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿದೆ: ಬಿದ್ದ ದನವನ್ನು ಎಬ್ಬಿಸಿದವರಿಗೆ ಅದರಲ್ಲಿ ಅರ್ಧ ಪಾಲು, ಇಬ್ಬರೂ ಒಪ್ಪದೆ ಅದನ್ನು ಮಾರುವ ಹಾಗಿಲ್ಲ. ಆ ಎಮ್ಮೆ ಇಂದಿಗೂ ಬೆಳಿಗ್ಗೆ ಭೀಮುವಿನ ಚರಿಗೆಗೆ, ಸಂಜೆ ದುರ್ಗವ್ವನ ಚರಿಗೆಗೆ ಹಾಲು ಕೊಡುತ್ತದೆ.

ಎಮ್ಮೆಗೆ ಅಂಜದವಳು ಗಾಡಿಗೆ ಮಾತ್ರ ಅಂಜುತ್ತಿದ್ದಳು. ಮೂವತ್ತೆರಡು ವರ್ಷ ಗಂಡ ಮನೆಗೆ ಬರುವ ತನಕ ಅವಳು ತುತ್ತು ಎತ್ತಿದವಳಲ್ಲ. ಆ ಅಂಜಿಕೆ ನಿವೃತ್ತಿಯ ದಿನ ಮುಗಿಯಿತು ಅಂದುಕೊಂಡಿದ್ದಳು. ಅದು ಎರಡು ಗಾಲಿಯ ಮೇಲೆ ಮತ್ತೆ ಅಂಗಳಕ್ಕೆ ಬಂದಿತ್ತು. ಅಂದು ಊಟಕ್ಕೆ ಕೂತಾಗ ಗಂಡನ ಮುಂದೆ ಬಿಸಿ ರೊಟ್ಟಿ ಹಾಕಿ, ಮುರಿಯುವ ಮೊದಲು ಅವನ ಕೈ ಹಿಡಿದಳು.

“ರೊಟ್ಟಿ ಮುಟ್ಟಿ ಆಣಿ ಮಾಡ್ರಿ. ಈ ಗಾಡಿ ನೆಲಕ್ಕ ಬಿದ್ದ ದಿನಾನ ಇದನ್ನ ಮಾರಬೇಕು.”

ಕೆಡವದ ರಾವಸಾಬನಿಗೆ ಇದು ಆಣೆ ಅಂತ ಅನ್ನಿಸಲೇ ಇಲ್ಲ. ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ದಿನ ಮನೆ ಮಾರು ಅಂದಂತಾಯಿತು. ನಗುತ್ತ ರೊಟ್ಟಿ ಮುಟ್ಟಿದ, ಪುಂಡಿಪಲ್ಯದ ಜೊತೆ ನಾಲ್ಕು ಉಂಡ.

ಆ ಗಾಡಿ ಯಾಕೆ ಬೇಕಿತ್ತು ಅನ್ನುವುದನ್ನು ಅವನು ಅವಳಿಗೆ ಹೇಳಿರಲಿಲ್ಲ. ದುರ್ಗವ್ವನ ತವರೂರು ಮೋರಟಗಿಯ ಈಚೆಗೆ, ಕ್ರಾಸಿನಿಂದ ಮೂರು ಮೈಲಿ ಒಳಗೆ, ಎರೆ ಮಣ್ಣಿನ ದಾರಿ. ವರ್ಷಕ್ಕೆರಡು ಸಲ ಅವಳು ಗಂಡನ ಬಸ್ಸಿನಲ್ಲೇ ಟಿಕೀಟು ತೆಗೆಸಿ ಹೋಗುತ್ತಿದ್ದಳು. ಕ್ರಾಸಿನಲ್ಲಿ ಇಳಿಯುತ್ತಿದ್ದಳು. ಸೊಂಟದಲ್ಲಿ ಕೂಸು, ತಲೆಯ ಮೇಲೆ ಗಂಟು. ಹನೀಫ ರೈಟ್ ಅನ್ನುತ್ತಿದ್ದ. ರಾವಸಾಬ ಗೇರು ಹಾಕುತ್ತಿದ್ದ. ಕನ್ನಡಿಯಲ್ಲಿ ಅವಳು ಸಣ್ಣವಳಾಗುತ್ತ ಹೋಗುತ್ತಿದ್ದಳು. ಬಸ್ಸಿನಲ್ಲಿ ಐವತ್ತು ಮಂದಿ ಇದ್ದಾಗ ಡ್ರೈವರ್ ತನ್ನ ಹೆಂಡತಿಗೋಸ್ಕರ ಡಾಂಬರು ಬಿಟ್ಟಿಳಿಯಲು ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು, ಆದರೂ ಪ್ರತಿ ಸಲ ಅವಳು ಮರೆಯಾಗುವ ತನಕ ಮತ್ತೆ ಮತ್ತೆ ಕನ್ನಡಿ ನೋಡುತ್ತಿದ್ದ. ಒಮ್ಮೆಯಾದರೂ ಅವಳನ್ನು ಕ್ರಾಸಿನ ಆಚೆಗೆ, ಅವಳ ತಾಯಿಯ ಮನೆಯ ಬಾಗಿಲ ತನಕ ತಾನೇ ಒಯ್ದು ಇಳಿಸಬೇಕೆಂಬುದು ಅವನ ಆಸೆಯಾಗಿತ್ತು.

ಆದರೆ ಎರೆ ಮಣ್ಣು ಬೆಳ್ಳಿ ಬಿಲ್ಲೆ ನೋಡಿ ದಾರಿ ಬಿಡುವುದಿಲ್ಲ. ಒಂದು ಹನಿ ಮಳೆಯಾದರೆ ಗಾಲಿಗೆ ಬೆಲ್ಲದ ಪಾಕದಂತೆ ಅಂಟುತ್ತದೆ. ಒಂದು ದಿನ ಊರ ಹೊರಗಿನ ಹೊಲದ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ಸೊಂಟ ತಿರುವಿತು. ಬೀಳುವ ಮೊದಲೇ ರಾವಸಾಬ ಇಳಿದು, ತಳ್ಳಿಕೊಂಡು ಹಿಂದೆ ಬಂದ. ಇಂಥ ಗಾಡಿಯನ್ನು ಇಂಥ ದಾರಿಯಲ್ಲಿ ಓಡಿಸಲು ಮುದ್ದೇಬಿಹಾಳದ ಹೊರಗೆ, ನಿಂತುಹೋದ ಕಲ್ಲಿನ ಖಣಿಯೊಂದರಲ್ಲಿ ಮೂರು ದಿನ ಕಲಿಸುತ್ತಾರೆ ಎಂಬ ಸುದ್ದಿ ಕೇಳಿದ. ಅಲ್ಲಿ ಬೀಳದ ಹಾಗೆ ಕಲಿಸುತ್ತಾರೆ ಅಂತ ಹೆಂಡತಿಗೆ ಹೇಳಿ, ಬೆಳಗಿನ ಡ್ಯೂಟಿಗೆ ಹೊರಟವನ ಹಾಗೆ ಗಾಡಿಯ ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹೊರಟ.

ಕಲಿಸುವವಳು ಸೌಂದರ್ಯಾ. ಮುದ್ದೇಬಿಹಾಳದ ಹುಡುಗಿ, ಪುಣೆಯಲ್ಲಿ ಕಲಿತು ಬಂದವಳು, ವಯಸ್ಸು ರಾವಸಾಬನ ಸರ್ವೀಸಿಗಿಂತ ಕಡಿಮೆ. ಅವನ ಜೊತೆ ಕಲಿಯಲು ಇಂಡಿಯ ಹಲ್ಲಿನ ಡಾಕ್ಟರ್ ಅರುಣಕುಮಾರ ಬಂದಿದ್ದ. ಎದೆಗೆ, ಮೊಣಕೈಗೆ, ಮೊಣಕಾಲಿಗೆ ಕವಚ ಕಟ್ಟಿಕೊಂಡು ದೊಡ್ಡಾಟದ ಪಾತ್ರದಂತೆ ನಡೆಯುತ್ತಿದ್ದ. ಸೌಂದರ್ಯಾ ಇಬ್ಬರನ್ನೂ ನಿಲ್ಲಿಸಿ, ಮೊದಲನೆಯ ಪಾಠ ಗಾಡಿ ಓಡಿಸುವುದಲ್ಲ ಎಂದಳು.

“ಕಾಕಾ, ಗಾಡಿ ನೆಲಕ್ಕ ಮಲಗಸ್ರಿ. ಬಿದ್ದ ಗಾಡಿ ಒಬ್ಬರಽ ಎತ್ತೂದು ಬಂದ ಮ್ಯಾಲ ಮುಂದಿನ ಪಾಠ.”

ರಾವಸಾಬನಿಗೆ ರೊಟ್ಟಿ ಮುಟ್ಟಿದ ಆಣೆ ನೆನಪಾಯಿತು. ಅವಳು ಎತ್ತುವ ಬಗೆಯನ್ನೂ ತೋರಿಸಿದಳು. ಗಾಡಿಗೆ ಬೆನ್ನು ತಿರುಗಿಸಿ, ಸೀಟಿಗೆ ಕುಂಡಿ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಸಣ್ಣ ಹೆಜ್ಜೆಯಲ್ಲಿ ಹಿಂದೆ ಹಿಂದೆ ಸರಿಯಬೇಕು. ಅರುಣಕುಮಾರ ತನ್ನ ಗಾಡಿ ಕೆಡವಿದ, ಎತ್ತಿದ, ಮತ್ತೆ ಕೆಡವಿದ. ರಾವಸಾಬ ಸೊಂಟನೋವು ಅಂದ. ಆಮೇಲೆ ಡಾಕ್ಟರರ ಗಾಡಿಯನ್ನು ತಾನೇ ಎತ್ತಿಕೊಡುತ್ತೇನೆ ಅಂದ. ಸೊಂಟನೋವಿನವನು ಮಂದಿಯ ಗಾಡಿ ಹೇಗೆ ಎತ್ತುತ್ತಾನೆ ಎಂದು ಅವಳು ಕೇಳಿದ್ದಕ್ಕೆ, ನೋವು ಸ್ವಂತ ಗಾಡಿಗಷ್ಟೇ ಬರುತ್ತದೆ ಎಂದು ಹೇಳಿಬಿಟ್ಟ.

ಮಧ್ಯಾಹ್ನ ಮರೆಗೆ ಹೋಗಿ ಹನೀಫನಿಗೆ ಫೋನು ಹಚ್ಚಿದ. ಬೇಕೆಂದೇ ಮಲಗಿಸಿದರೆ ಅದು ಬಿದ್ದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಟಿಕೀಟು ತಗಾದೆಗಳನ್ನು ಸಾವಿರಗಟ್ಟಲೆ ತೀರಿಸಿದ ಹನೀಫ ಬಹಳ ಹೊತ್ತು ಯೋಚಿಸಿದ. ನಿದ್ದೆಗೆ ಮಲಗಿದವನೂ ಮಲಗಿದವನೇ, ಕುಡಿದು ಬಿದ್ದವನೂ ಮಲಗಿದವನೇ, ನೋಡುವ ಹೆಂಡತಿಗೆ ಎರಡೂ ಒಂದೇ ಎಂದು ತೀರ್ಪು ಕೊಟ್ಟ. ರಾವಸಾಬ ಗಾಡಿ ಮಲಗಿಸಲಿಲ್ಲ.

ಸೌಂದರ್ಯಾ ಪುಣ್ಯಾತ್ಗಿತ್ತಿ, ಹಿರಿಯರೆಂದು ಆ ಪಾಠ ಮುಂದಕ್ಕೆ ಹಾಕಿದಳು. ಎರಡನೆಯ ದಿನ ಕಾಲಿಡುವ ಕಂಬಿಗಳ ಮೇಲೆ ಎದ್ದು ನಿಂತು ಓಡಿಸಬೇಕಿತ್ತು. ಮೂವತ್ತೆರಡು ವರ್ಷ ಕೂತೇ ಓಡಿಸಿದವನು ನಿಂತಾಗ, ಬಸ್ಸಿನಲ್ಲಿ ಸೀಟು ಸಿಗದ ಪ್ಯಾಸೆಂಜರಿನಂತೆ ಮುಖ ಮಾಡಿಕೊಂಡ. ಖಣಿಯ ಏರಿನ ಬುಡಕ್ಕೆ ಬಂದು ನಿಂತ. ನಿಂತೇ ಇದ್ದ. ಎಂಜಿನ್ ಗುರುಗುಡುತ್ತಿತ್ತು, ಗೇರು ಬಿದ್ದಿತ್ತು, ಹೋಗಿರಿ ಅಂತ ಸೌಂದರ್ಯಾ ನಾಲ್ಕು ಸಲ ಹೇಳಿದಳು. ಗಾಡಿ ಕದಲಲಿಲ್ಲ. ಯಾಕೆಂದು ಅವನಿಗೂ ತಿಳಿಯಲಿಲ್ಲ. ಗೆಳೆಯನ ಫಜೀತಿ ನೋಡಲು ಅಂದು ಬಂದಿದ್ದ ಹನೀಫ ಬೀಡಿ ಆರಿಸಿ, ಮೆಲ್ಲಗೆ ರೈಟ್ ಅಂದ. ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿತು. ಅಂದಿನಿಂದ ಸೌಂದರ್ಯಾಳೂ ಅದೇ ಮಂತ್ರ ಕಲಿತಳು.

ಆದರೂ ಬೀಳುವ ಅಂಜಿಕೆ ಅವನನ್ನು ಕಲಿಯಲು ಬಿಡಲಿಲ್ಲ. ಮರಳು ಕಂಡರೆ ಎರಡೂ ಕಾಲು ಕೆಳಗಿಟ್ಟು, ಕೆರೆಗೆ ಇಳಿದ ಬಾತುಕೋಳಿಯಂತೆ ದಾಟುತ್ತಿದ್ದ. ಸಂಜೆ ಸೌಂದರ್ಯಾ ನಯವಾಗಿಯೇ ಹೇಳಿದಳು: ನಾಳೆ ಕೆಸರಿನ ಪಾಠ ಮುಗಿದ ಮೇಲೆ ಅವನು ಗಾಡಿ ಕೆಡವಿ ಎತ್ತದಿದ್ದರೆ, ಕಲಿತನೆಂದು ಬರೆದುಕೊಡುವುದಿಲ್ಲ. ಎತ್ತಲು ಬಾರದವನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಒಳದಾರಿಗೆ ಇಳಿಯಬಾರದು. ಅವಳು ಹೇಳಿದ್ದು ನಿಜವೆಂದು ರಾವಸಾಬನಿಗೂ ಗೊತ್ತಾಯಿತು. ಕೆಡವಿದರೆ ಗಾಡಿ ಹೋಗುತ್ತದೆ, ಕೆಡವದಿದ್ದರೆ ಗಾಡಿ ಇದ್ದೂ ಕ್ರಾಸಿನ ಆಚೆಗೆ ಹೋಗುವುದಿಲ್ಲ. ಅಂದು ರಾತ್ರಿ ಮನೆಯಲ್ಲಿ ಅವನು ಯಾರೂ ರೈಟ್ ಅನ್ನುವ ಮೊದಲೇ ಅರ್ಧ ರೊಟ್ಟಿ ಬಿಟ್ಟೆದ್ದ. ದುರ್ಗವ್ವ ಅದನ್ನು ನೋಡಿದಳು.

ಮೂರನೆಯ ದಿನ ಮಧ್ಯಾಹ್ನ ಸೌಂದರ್ಯಾ ಟ್ಯಾಂಕರಿನಿಂದ ನೀರು ಬಿಡಿಸಿ ಎರೆ ಮಣ್ಣನ್ನು ಹದವಾಗಿ ಕಲಸಿಟ್ಟಿದ್ದಳು. ಬ್ರೇಕ್ ಮುಟ್ಟಬೇಡ, ಕಣ್ಣು ದೂರಕ್ಕಿಡು, ಇಷ್ಟೇ ಪಾಠ. ರಾವಸಾಬ ಎದ್ದು ನಿಂತು ಕೆಸರಿಗೆ ಇಳಿದ. ಬೆನ್ನು ನೆಟ್ಟಗಿತ್ತು, ಗಾಡಿ ಸೊಂಟ ತಿರುವಿದರೂ ಮುಂದೆ ಹೋಗುತ್ತಿತ್ತು. ಡಾಕ್ಟರ್ ಚಪ್ಪಾಳೆ ತಟ್ಟಿದ. ಇನ್ನು ನಾಲ್ಕು ಮಾರು ಉಳಿದಿತ್ತು.

ಆಗ ಖಣಿಯ ದಂಡೆಯ ಮೇಲೆ ಬುತ್ತಿಗಂಟು ಹಿಡಿದ ದುರ್ಗವ್ವ ಕಾಣಿಸಿದಳು. ಹನೀಫನನ್ನು ಕರೆದುಕೊಂಡು, ಗಂಡ ಯಾಕೆ ರೊಟ್ಟಿ ಬಿಟ್ಟೇಳುತ್ತಾನೆಂದು ನೋಡಲು ಬಸ್ಸು ಹತ್ತಿ ಬಂದಿದ್ದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಗಂಡನನ್ನು ಗುರುತಿಸಲು ಅವಳು ಹಣೆಯ ಮೇಲೆ ಕೈ ಎತ್ತಿದಳು.

ದಾರಿಯ ಬದಿಯಲ್ಲಿ ಗಂಟು ಹಿಡಿದ ಹೆಣ್ಣುಮಗಳು, ಎತ್ತಿದ ಕೈ. ರಾವಸಾಬನ ಬಲಗಾಲು ಯಾರ ಮಾತನ್ನೂ ಕೇಳಲಿಲ್ಲ. ಬ್ರೇಕು ಒತ್ತಿತು.

ಗಾಡಿ ಎಡಕ್ಕೆ ಹೋಯಿತು, ರಾವಸಾಬ ಬಲಕ್ಕೆ ಹೋದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇಲ್ಲಿ ಮೀಸೆಯೇ ಮೊದಲು ಮಣ್ಣಾಯಿತು. ಮೈಗೆ ಏನೂ ಆಗಿರಲಿಲ್ಲ. ಎದ್ದು ಕೂತ, ಗಾಡಿ ನೋಡಿದ, ದಂಡೆಯ ಮೇಲಿನ ಹೆಂಡತಿಯನ್ನು ನೋಡಿದ. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಆಗದ್ದು ಅವಳ ಕಣ್ಣೆದುರಿಗೇ ಆಗಿತ್ತು. ಅವನಿಗೆ ಅಳು ಬಂದಂತಾಯಿತು. ಓಡಿ ಹೋಗಿ ಹ್ಯಾಂಡಲ್ ಹಿಡಿದು ಎಳೆದ, ಕಾಲು ಜಾರಿತು. ಮತ್ತೆ ಎಳೆದ, ಮತ್ತೆ ಜಾರಿತು. ಕಲಿಸಿದ್ದು ಒಂದೂ ನೆನಪಿಗೆ ಬರಲಿಲ್ಲ.

ದುರ್ಗವ್ವ ಬುತ್ತಿಯನ್ನು ಹನೀಫನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದಳು. ಗಂಡನ ಮೈಯನ್ನು ತಲೆಯಿಂದ ಕಾಲಿನ ತನಕ ಕೈಯಿಂದ ಸವರಿ ನೋಡಿದಳು. ಎಲುಬು ಎಲ್ಲ ಜಾಗದಲ್ಲೇ ಇವೆ ಎಂದು ಖಾತ್ರಿಯಾದ ಮೇಲೆ ಅವನನ್ನು ಆಚೆ ಬದಿಗೆ ಕಳಿಸಿ, ಗಾಡಿ ಆ ಕಡೆ ಹೊರಳದ ಹಾಗೆ ಹಿಡಿಯಲು ಹೇಳಿದಳು. ತಾನು ಗಾಡಿಗೆ ಬೆನ್ನು ತಿರುಗಿಸಿದಳು. ಭೀಮುವಿನ ಎಮ್ಮೆಗೆ ಕೊಟ್ಟ ಹಾಗೆಯೇ ಬೆನ್ನು ಕೊಟ್ಟು, ಕುಂಡಿ ಒತ್ತಿ, ಹಿಮ್ಮಡಿ ಊರಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದೆ ಸರಿದಳು. ಅಭ್ಯಾಸಬಲದಿಂದ ಒಮ್ಮೆ ‘ಏಳವ್ವಾ’ ಅಂದಳು. ಎರಡು ಕ್ವಿಂಟಾಲ್ ಮೇಲೆ ಹತ್ತು ಕಿಲೊ ಎದ್ದು ನಿಂತಿತು. ಸೌಂದರ್ಯಾ ಮೂಗಿನ ಮೇಲೆ ಬೆರಳಿಟ್ಟಳು. ಇದನ್ನೇ ತಾನು ಪುಣೆಯಲ್ಲಿ ಒಂದು ವಾರ ಕಲಿತದ್ದು ಎಂದು ಡಾಕ್ಟರರ ಕಿವಿಯಲ್ಲಿ ಹೇಳಿದಳು.

ರಾವಸಾಬ ಮುಖ ಒರೆಸಿಕೊಳ್ಳಲಿಲ್ಲ. ಕೀಲಿ ತೆಗೆದು ಹೆಂಡತಿಯ ಕೈಯಲ್ಲಿಟ್ಟ.

“ನಾಳೆ ಒಯ್ದು ಮಾರಿ ಬರ್ತೇನಿ. ರೊಟ್ಟಿ ಮುಟ್ಟೇನಿ.”

ದುರ್ಗವ್ವ ಕೀಲಿಯನ್ನು ನೋಡಿದಳು, ಕೆಸರು ಮೆತ್ತಿದ ಗಂಡನನ್ನು ನೋಡಿದಳು.

“ಬಿದ್ದದ್ದು ನಿಮ್ಮ ಗಾಡಿ. ಎಬ್ಬಿಸಿದಾಕಿ ನಾನು. ಅರ್ಧಾ ನಂದಾತು. ನಿಮ್ಮ ಅರ್ಧಾ ಬೇಕಾರ ಮಾರ್ರಿ, ನನ್ನ ಅರ್ಧಾ ನಾ ಮಾರಂಗಿಲ್ಲ.”

ಅರ್ಧ ಗಾಡಿ ಯಾರು ತಗೊಳ್ಳುತ್ತಾರೆ ಎಂದು ಹನೀಫ ಬುತ್ತಿ ಬಿಚ್ಚುತ್ತ ಕೇಳಿದ. ಆಣೆಯೂ ಉಳಿಯಿತು, ಗಾಡಿಯೂ ಉಳಿಯಿತು ಎಂದು ಅವನೇ ತೀರ್ಪು ಕೊಟ್ಟುಕೊಂಡ. ದುರ್ಗವ್ವ ಸೆರಗಿನಿಂದ ಗಂಡನ ಮೀಸೆ ಒರೆಸುತ್ತ, ಅವನಿಗಷ್ಟೇ ಕೇಳುವಂತೆ ಇನ್ನೊಂದು ಮಾತು ಹೇಳಿದಳು.

“ಬಿದ್ದರ ಏನ ಗತಿ ಅಂತ ಮೂವತ್ತೆರಡ ವರ್ಷ ಅಂಜಿಕೋಂತ ಕುಂತಿದ್ದೆ. ಇವತ್ತ ನೋಡಿದೆ. ಎತ್ತಿದರ ಏಳತೈತಿ.”

ಊಟವಾದ ಮೇಲೆ ರಾವಸಾಬ ಬೇಕೆಂದೇ ನಾಲ್ಕು ಸಲ ಗಾಡಿ ಕೆಡವಿದ, ನಾಲ್ಕು ಸಲವೂ ಬೆನ್ನು ಕೊಟ್ಟು ಒಬ್ಬನೇ ಎತ್ತಿದ. ಐದನೆಯ ಸಲಕ್ಕೆ ಸೌಂದರ್ಯಾಳೇ ಸಾಕು ಕಾಕಾ ಎಂದು ಕೈಮುಗಿದು, ಕಲಿತನೆಂದು ಬರೆದುಕೊಟ್ಟಳು. ಬೆಳ್ಳಿ ಬಿಲ್ಲೆ ಮಾತ್ರ ಎರೆ ಮಣ್ಣಿನಲ್ಲಿ ಎಲ್ಲೋ ಹೋಯಿತು. ಅವನು ಹುಡುಕಲಿಲ್ಲ.

ಮುಂದಿನ ರವಿವಾರ, ಹಿಂದಿನ ದಿನ ಮಳೆಯಾಗಿದ್ದರೂ, ಇಬ್ಬರೂ ಸಿಂದಗಿ ದಾಟಿ ಮೋರಟಗಿಯ ಹಾದಿ ಹಿಡಿದರು. ದುರ್ಗವ್ವ ಹಿಂದೆ ಕೂತಿದ್ದಳು, ತೊಡೆಯ ಮೇಲೆ ತವರಿಗೆ ಒಯ್ಯುವ ಗಂಟು. ಕ್ರಾಸು ಬಂತು. ರಾವಸಾಬನ ಬಲಗಾಲು ತಾನಾಗಿ ಬ್ರೇಕು ಒತ್ತಿತು, ಗಾಡಿ ಹಳೆಯ ಜಾಗದಲ್ಲೇ ಹಳೆಯ ಬಸ್ಸಿನ ಹಾಗೆ ನಿಂತಿತು. ಎಷ್ಟೋ ವರ್ಷ ಅವಳು ಇಲ್ಲೇ ಇಳಿಯುತ್ತಿದ್ದಳು. ಅವನು ಕನ್ನಡಿ ನೋಡಿದ. ಕನ್ನಡಿಯ ತುಂಬ ಅವಳ ಮುಖವೇ ಇತ್ತು.

ಅವಳು ಇಳಿಯಲಿಲ್ಲ. ಗಂಟನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯನ್ನು ಅವನ ಹೆಗಲ ಮೇಲಿಟ್ಟು, ಒಳಗೆ ಹೋಗುವ ಎರೆ ಮಣ್ಣಿನ ದಾರಿಯನ್ನು ನೋಡಿದಳು.

“ರೈಟ್,” ಅಂದಳು ದುರ್ಗವ್ವ.