ಮೌಸಿಲ್ಲದೆ ಕಲಿತ ಮದುವೆ ಎಡಿಟಿಂಗು

ಗುಂಡ್ಲುಪೇಟೆಯ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಕೈಯಿಂದ ಮೌಸು ಕಿತ್ತುಕೊಂಡರು. ಕಿತ್ತುಕೊಂಡವರು ಸ್ಟುಡಿಯೋ ನಡೆಸುತ್ತಿದ್ದ ಅಕ್ಕ. ಅವರ ಗಂಡ ಕ್ಯಾಮೆರಾ ಹೊತ್ತು ಮದುವೆ ಮನೆಗಳಿಗೆ ತಿರುಗುತ್ತಿದ್ದರು. ಅವರು ತಂದದ್ದನ್ನೆಲ್ಲ ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಪೆನ್‌ಡ್ರೈವಿಗೆ ತುಂಬಿ ಕೊಡುವುದು ಅಕ್ಕನ ಕೆಲಸ. ನಾನು ಭೀಮನಬೀಡಿನಿಂದ ದಿನಾ ಬಸ್ಸಿನಲ್ಲಿ ಬಂದು ಅವರ ಪಕ್ಕದಲ್ಲಿ ಕೂತು ಕಲಿಯುವವಳು. ಒಂದೊಂದು ಸಲ ಕತ್ತರಿಸುವುದಕ್ಕೂ ಮೌಸು ಹಿಡಿದು, ಬಾಣದ ಗುರುತನ್ನು ಪರದೆಯ ಮೇಲೆಲ್ಲ ಅಲೆದಾಡಿಸಿ, ಮೆನು ತೆರೆದು, ಬೇಕಾದ್ದು ಎಲ್ಲಿದೆ ಎಂದು ಹುಡುಕುತ್ತಿದ್ದೆ. ನೋಡಿ ನೋಡಿ ಅಕ್ಕನಿಗೆ ರೋಸಿಹೋಯಿತು.

"ಇಂಗೇ ಮಾಡ್ತಾ ಕೂತ್ರೆ, ಆ ಮದ್ವೆ ಎಣ್ಣಿನ ಮಗೀಗೆ ಎಸ್ರು ಕಟ್ಟೋ ಒತ್ಗೆ ನೀನು ಮದ್ವೆ ವಿಡಿಯೋ ಕೊಡ್ತೀಯ ಕಣಮ್ಮಿ" ಎಂದು ವೈರು ಎಳೆದು, ಮೌಸನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಕೈ ಕಟ್ಟಾಕಿ ಈಜು ಅಂದಂಗಾಯ್ತು ಬುಡಿ" ಎಂದು ಮುಖ ಊದಿಸಿಕೊಂಡು ಕೂತೆ. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಬ್ಯಾಗಿನಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದು, ಕೀಬೋರ್ಡಿನ ಜೆ, ಕೆ, ಎಲ್ ಅಕ್ಷರಗಳಿಗೆ ಒಂದೊಂದು ಬೊಟ್ಟು ಇಟ್ಟರು.

"ಜೆ ಒತ್ತುದ್ರೆ ಇಂದುಕ್ಕೆ ಓಡ್ತದೆ. ಕೆ ಒತ್ತುದ್ರೆ ನಿಂತ್ಕತದೆ. ಎಲ್ ಒತ್ತುದ್ರೆ ಮುಂದುಕ್ಕೆ. ಅದ್ನೇ ಇನ್ನೊಂದ್ಸಲ ಒತ್ತು, ಇನ್ನೂ ಜೋರಾಗಿ ಓಡ್ತದೆ. ಕೈ ನೋಡ್ಬ್ಯಾಡ, ಪರದೆ ನೋಡು. ರೊಟ್ಟಿ ತಟ್ಟೋವಾಗ ಕೈ ನೋಡ್ಕಂಡು ತಟ್ಟೀಯಾ?"

ಇವತ್ತು ಚಾಮರಾಜನಗರದಲ್ಲಿ ನನ್ನದೇ ಒಂದು ಎಡಿಟಿಂಗ್ ರೂಮಿದೆ. ನಾಕು ಜನ ನನ್ನ ಕೆಲಸ ಹುಡುಕಿಕೊಂಡು ಬರುತ್ತಾರೆ ಎಂದರೆ ಅದು ಆ ಬೊಟ್ಟುಗಳ ಪುಣ್ಯ. ಬೆರಳು ಎಡವಿದಾಗಲೆಲ್ಲ ಅಕ್ಕ ತಲೆಗೆ ಮೊಟಕುತ್ತಿದ್ದರು, ಮಧ್ಯಾಹ್ನವಾದರೆ ತಮ್ಮ ಡಬ್ಬಿಯ ಊಟದಲ್ಲಿ ಅರ್ಧ ನನ್ನ ಮುಂದಿಡುತ್ತಿದ್ದರು. ಅಂಥ ಗುರು ಎಲ್ಲರಿಗೂ ಸಿಗುವುದಿಲ್ಲ.

ಎಡಿಟಿಂಗ್ ಕಲಿಯುತ್ತ ಕಲಿಯುತ್ತ ನಮ್ಮ ಜನವೂ ಅರ್ಥವಾದರು. ನಮ್ಮ ಕಡೆ ಮದುವೆ ವಿಡಿಯೋದಲ್ಲಿ ಊಟದ ಪಂಕ್ತಿ ಇರಲೇಬೇಕು. ಕ್ಯಾಮೆರಾದವರು ಎಲೆಯ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮುಖ ಹಿಡಿಯುತ್ತಾರೆ. ತುತ್ತು ಬಾಯಲ್ಲಿ ಇಟ್ಟುಕೊಂಡೇ ಜನ ನಗುತ್ತಾರೆ. ಒಂದು ಮುಖ ಬಿಟ್ಟುಹೋದರೂ "ನಾವೇನು ಮದ್ವೆಗೆ ಬಂದೇ ಇರ್ನಿಲ್ವಾ?" ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಆದ್ದರಿಂದ ಮುಖಗಳಿಗೆ ಕತ್ತರಿ ಇಲ್ಲ. ನಾವು ಕತ್ತರಿಸುತ್ತಿದ್ದದ್ದು ಬಡಿಸುವವರನ್ನು. ಸಾರಿನ ಬಕೆಟ್ಟು, ಬಗ್ಗಿದ ಬೆನ್ನು, ಸೌಟು ಹಿಡಿದ ಕೈ ಕ್ಯಾಮೆರಾಕ್ಕೆ ಅಡ್ಡ ಬಂದಾಗಲೆಲ್ಲ ಕ್ಯೂ ಒತ್ತಿ ನಿಂತ ಜಾಗಕ್ಕಿಂತ ಮುಂಚಿನದನ್ನೋ, ಡಬ್ಲ್ಯೂ ಒತ್ತಿ ಮುಂದಿನದನ್ನೋ ಹಾರಿಸಿಬಿಡುವುದು. ಟಕ್ ಟಕ್ ಎಂದು ಹಾರಿಸುವುದು ನನಗೆ ಆಟವೇ ಆಗಿಬಿಟ್ಟಿತ್ತು.

ಎಫ್ ಎಂಬ ಕೀಯನ್ನು ಮಾತ್ರ ಯಾತಕ್ಕೆ ಕಲಿಸಿದರೋ ತಿಳಿದಿರಲಿಲ್ಲ. ಕತ್ತರಿಸಿದ ತುಂಡಿನ ಮೇಲೆ ನಿಂತು ಎಫ್ ಒತ್ತಿದರೆ, ಕ್ಯಾಮೆರಾದಿಂದ ಬಂದ ಪೂರಾ ಕ್ಲಿಪ್ಪು ಪಕ್ಕದ ಕಿಟಕಿಯಲ್ಲಿ ಸರಿಯಾಗಿ ಅದೇ ಜಾಗಕ್ಕೆ ತೆರೆದುಕೊಳ್ಳುತ್ತದೆ. "ಕತ್ರಿಸಿದ್ದು ಎಲ್ಲೂ ಓಗಿರಲ್ಲ ಕಣಮ್ಮಿ. ಕಾಣದಂಗೆ ಕೂತಿರ್ತದೆ ಅಷ್ಟೆ" ಎನ್ನುತ್ತಿದ್ದರು ಅಕ್ಕ. ಬೇಡವೆಂದು ತೆಗೆದದ್ದನ್ನು ಯಾರು ತಿರುಗಿ ನೋಡುತ್ತಾರೆ ಎಂದುಕೊಂಡು ತಲೆಯಾಡಿಸಿದ್ದೆ.

ಅಕ್ಕ ಮತ್ತು ಅವರ ಗಂಡ ಚಾಮರಾಜನಗರದ ಮದುವೆಯೊಂದಕ್ಕೆ ಹೋಗಿ, ನಾನೊಬ್ಬಳೇ ಇದ್ದ ದಿನ ತೆರಕಣಾಂಬಿಯಿಂದ ಒಬ್ಬ ಹೆಂಗಸು ಬಂದರು. ಆಗಷ್ಟೇ ಮಗಳ ಮದುವೆ ಮಾಡಿದ್ದರು. ಅದರ ವಿಡಿಯೋ ನನ್ನ ಕೈಯಲ್ಲೇ ಎಡಿಟ್ ಆಗುತ್ತಿತ್ತು. ಆತುರ ಮಾಡಲು ಬಂದರೇನೋ ಎಂದುಕೊಂಡು "ಇನ್ನೂ ಆಗಿಲ್ಲ ಕಣಮ್ಮ" ಎಂದು ಸಿಡುಕಿದೆ. ಆಯಮ್ಮ ಬೆಂಚಿನ ಮೇಲೆ ಕೂತು ಉಸಿರು ಬಿಟ್ಟರು.

"ವಿಡಿಯೋ ಯಾವಾಗಾರ ಕೊಡು ಮಗ. ನಮ್ ತಮ್ಮ ಬಂದಿದ್ನಾ ಅಂತ ಒಸಿ ನೋಡ್ಬೇಕಾಗಿತ್ತು."

ಅವ್ವನ ತಿಥಿಯ ದಿನ ಆಯಮ್ಮನಿಗೂ ತಮ್ಮನಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ಅಂದಿನಿಂದ ಒಬ್ಬರ ಹೊಸಿಲು ಒಬ್ಬರು ತುಳಿದಿರಲಿಲ್ಲ. ಲಗ್ನಪತ್ರಿಕೆಯನ್ನೂ ಯಾರದೋ ಕೈಯಲ್ಲಿ ಕಳಿಸಿದ್ದರು. ಛತ್ರದಲ್ಲಿ ಕಂಡೆ ಎಂದು ಒಬ್ಬರು ಹೇಳಿದರೆ, ಗೇಟಿನ ತನಕ ಬಂದು ಹಂಗೇ ತಿರುಗಿಕೊಂಡು ಹೋದ ಎಂದು ಆಯಮ್ಮನ ಗಂಡನ ಕಡೆಯವರು ಸಾಧಿಸುತ್ತಿದ್ದರು. ಮಂಟಪದ ಗಡಿಬಿಡಿಯಲ್ಲಿ ಆಯಮ್ಮ ಊಟದ ಕಡೆ ಬಂದೇ ಇರಲಿಲ್ಲ. ಹೊಸ ಮದುಮಕ್ಕಳನ್ನು ಸೋದರಮಾವನ ಮನೆಗೆ ಊಟಕ್ಕೆ ಕರೆದುಕೊಂಡು ಹೋಗುವ ದಿನ ಹತ್ತಿರ ಬಂದಿತ್ತು.

"ಒಳೀಕೆ ಬಂದಿದ್ರೆ ಮದ್ಲಿಂದ ಎಲ್ಲ ಮರ್ತು ನಾನೇ ಓಯ್ತೀನಿ. ಗೇಟಿಂದ ತಿರಿಕ್ಕಂಡಿದ್ರೆ ಮುಗೀತು, ನಂಗೆ ತಮ್ಮನೇ ಇಲ್ಲ ಅನ್ಕತೀನಿ. ಒಂದು ಮುಖ ತೋರ್ಸು ಸಾಕು."

ನನ್ನ ಸಿಡುಕು ಎಲ್ಲಿ ಹೋಯಿತೋ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಎಲ್ ಒತ್ತಿದೆ. ಧಾರೆ ಓಡಿತು, ಅಕ್ಷತೆ ಓಡಿತು, ಉಡುಗೊರೆ ಕೊಡುವ ಸಾಲು ಓಡಿತು. ಆಯಮ್ಮ ಬೆರಳು ಎತ್ತಿದರೆ ಕೆ, ಮತ್ತೆ ನೋಡಬೇಕೆಂದರೆ ಜೆ. ಮೌಸಿನಲ್ಲಾಗಿದ್ದರೆ ನಾನು ಬೆಳಗಿನ ಶಾಸ್ತ್ರದಲ್ಲೇ ಸಿಕ್ಕಿಹಾಕಿಕೊಂಡಿರುತ್ತಿದ್ದೆ. ಆ ದಿನ ಕೈ ನನ್ನ ಮಾತು ಕೇಳಿತು. ಪಂಕ್ತಿಗಳು ಬಂದವು. ಮುಖದ ಮೇಲೆ ಮುಖ ಬಂದವು. ಆ ಮುಖ ಮಾತ್ರ ಬರಲಿಲ್ಲ.

"ಬಂದಿಲ್ಲ ಬುಡು" ಎಂದು ಆಯಮ್ಮ ಎದ್ದು ನಿಂತರು. ಪಂಕ್ತಿ ಇನ್ನೂ ಓಡುತ್ತಿತ್ತು. ಬಾಗಿಲ ಕಡೆ ತಿರುಗುತ್ತಿದ್ದವರು ಇದ್ದಕ್ಕಿದ್ದಂತೆ "ನಿಲ್ಸು!" ಎಂದರು.

ಒಂದು ತುಂಡಿನ ಕೊನೆಯಲ್ಲಿ, ನಾನು ಕತ್ತರಿಸುವಾಗ ಚೂರು ತಡಮಾಡಿದ್ದರಿಂದ, ಸೌಟು ಹಿಡಿದ ಒಂದು ಕೈ ಉಳಿದುಕೊಂಡಿತ್ತು. ಕಿರುಬೆರಳು ಸೊಟ್ಟಗಿತ್ತು.

"ಚಿಕ್ಕುಡ್ಗನಾಗಿದ್ದಾಗ ಬಾವಿ ರಾಟೆಗೆ ಸಿಕ್ಕಿತ್ತು ಕಣಮ್ಮಿ ಆ ಬೆಳ್ಳು. ಅಗ್ಗ ಬುಟ್ಬುಟ್ಟೋಳು ನಾನೇಯ."

ಮುಂದೇನಿದೆಯೋ ಅದನ್ನೇ ನಾನು ಹಾರಿಸಿದ್ದೆ. ಆಗ ಬೆರಳು ತಾನಾಗಿಯೇ ಎಫ್ ಮೇಲೆ ಹೋಯಿತು. ನನ್ನಕ್ಕಾ, ನಿನ್ನ ಹೊಟ್ಟೆ ತಣ್ಣಗಿರಲಿ! ಪಕ್ಕದ ಕಿಟಕಿಯಲ್ಲಿ ಪೂರಾ ಕ್ಲಿಪ್ಪು ತೆರೆದುಕೊಂಡಿತು. ಎಲ್ ಒತ್ತಿದೆ. ಆ ಕೈಯ ಹಿಂದೆ ತೋಳು ಬಂತು, ಸೊಂಟಕ್ಕೆ ಸುತ್ತಿದ ಟವಲು ಬಂತು, ಬೆವರಿನಲ್ಲಿ ತೊಯ್ದ ಮುಖ ಬಂತು. ಎಲೆಯಿಂದ ಎಲೆಗೆ ಬಗ್ಗಿ ಪಾಯಸ ಬಡಿಸುತ್ತಿದ್ದ.

ಆಯಮ್ಮ ಪರದೆಗೆ ಮುಖ ಅಂಟಿಸಿಬಿಟ್ಟರು. "ಅಯ್ಯೋ ನನ್ನಪ್ಪ! ನೆಂಟ್ರ ಸಾಲಲ್ಲಿ ಉಡುಕ್ತಾವ್ನಿ ನಾನು. ನೆಂಟ ಆಗಿದ್ರೆ ಕೂತ್ಕಂಡು ಉಣ್ತಿದ್ದ. ಬಡಿಸೋನು ಮನೆಯವ್ನು ಕಣಮ್ಮಿ, ಮನೆಯವ್ನು!" ಎಂದು ನನ್ನ ಬೆನ್ನಿಗೆ ಗುದ್ದಿದರು. ನಾನೂ ನಗುತ್ತ ಕಣ್ಣೊರೆಸಿಕೊಂಡೆ. ಮರುಕ್ಷಣ ಅವರ ನಗು ನಿಂತಿತು.

"ಅವ್ನು ಉಂಡ್ನಾ? ಅದ ನೋಡು."

ಬಡಿಸಿದವರು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಅಲ್ಲಿಗೆ ಓಡಿಸಿದೆ. ಆಯಮ್ಮನನ್ನು ಬಿಟ್ಟು ಮನೆಯವರೆಲ್ಲ ಕೂತಿದ್ದರು. ಅವನು ಕೈ ತೊಳೆದುಕೊಂಡು, ಟವಲು ಹೆಗಲಿಗೆ ಹಾಕಿಕೊಂಡು, ಕಂಬದ ಪಕ್ಕ ನಿಂತಿದ್ದ. ಎಲೆ ತುಂಬಿದವು, ಜನ ಉಂಡರು, ಎದ್ದರು. ಕ್ಯಾಮೆರಾ ಮತ್ತೆ ಆ ಕಡೆ ತಿರುಗಿದಾಗ ಕಂಬದ ಪಕ್ಕ ಯಾರೂ ಇರಲಿಲ್ಲ.

ಆಯಮ್ಮ ಸೊಂಟದ ಚೀಲದಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟು, ತಮ್ಮನ ನಂಬರು ಹುಡುಕಿಸಿ, ಕರೆ ಮಾಡಿಸಿದರು. ಕಿವಿ ಮಂದ ಎಂದು ಸ್ಪೀಕರು ಹಾಕಿಸಿಕೊಂಡರು. ಆ ಕಡೆಯಿಂದ ಗಂಡಸಿನ ದನಿ "ಅಲೋ" ಎಂದಿತು.

"ನಾನು ಕಣ್ಲಾ. ಊರಿಗೆಲ್ಲ ಪಾಯಸ ಬಡಿಸ್ಬುಟ್ಟು ನೀನು ಉಣ್ದಲೆ ಯಾಕ್ಲಾ ಓದೆ?"

ತಮ್ಮನ ದನಿ ಮೆತ್ತಗಾಯಿತು:

"ಎಲೆಗೆ ಯಾರೂ ಕರೀನಿಲ್ಲ ಕಣಕ್ಕ. ನೀನು ಕರೀತೀಯೇನೋ ಅಂತ ನಿಂತಿದ್ದೆ."

ಆಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಆಯಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಈಗ ಕರೀತಾವ್ನಿ, ಕೇಳುಸ್ತಾ? ನಾನು ಬಸ್ಸತ್ತಿ ಮನೆಗೋಗಿ ಅನ್ನಕ್ಕಿಡ್ತೀನಿ. ಬಾ, ಊಟ ಮಾಡು ಬಾ."

ಆ ಕಡೆಯಿಂದ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು.