ಗಡಿಯಾರ ಮಾವನ ಆರು ಗಂಟೆ

ನನ್ನ ಸೋದರಮಾವನನ್ನು ಊರೆಲ್ಲ ಗಡಿಯಾರ ಮಾವ ಎಂದೇ ಕರೆಯುತ್ತಿತ್ತು. ಊರಿನಿಂದ ನದಿಯ ಮೇಲ್ಭಾಗಕ್ಕೆ ಮೂವತ್ತು ಕಿಲೋಮೀಟರ್ ದೂರ, ದಂಡೆಯ ಒಂಟಿ ಕೋಣೆಯಲ್ಲಿ ಅವನ ಕೆಲಸ. ನೀರಿನಲ್ಲಿ ನೆಟ್ಟ ಅಳತೆಯ ಕಂಬವನ್ನು ಗಂಟೆಗೊಮ್ಮೆ ನೋಡಿ ಬರೆಯಬೇಕು. ನೀರು ಕೆಂಪು ಗೆರೆ ಮುಟ್ಟಿದರೆ ಊರಿನ ಪಂಪ್‌ಹೌಸಿಗೆ ಫೋನ್ ಮಾಡಬೇಕು. ಆ ಕಂಬದಿಂದ ಊರಿಗೆ ನೀರು ಬರಲು ಆರು ಗಂಟೆ. ಇಪ್ಪತ್ತೇಳು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಆರು ಎಂಬ ಅಂಕಿಯನ್ನು ಗೋಡೆಯ ಮೇಲೆ ಅಂಗೈಯಗಲ ಬರೆದಿಟ್ಟಿದ್ದ. ಅವನ ಮದುವೆಯ ಫೋಟೊಗೂ ಅಷ್ಟು ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

ಆ ಫೋನ್ ಎತ್ತುವವಳು ನನ್ನ ಅಮ್ಮ, ಪಂಪ್ ಆಪರೇಟರ್. ನೆರೆ ಬರುತ್ತದೆಂದರೆ ಅವಳು ಪಂಪ್‌ಹೌಸಿನ ನಲವತ್ತು ಅಡಿ ಆಳದ ಬಾವಿಗಿಳಿದು, ಮೋಟಾರಿನ ಬೋಲ್ಟ್ ಬಿಚ್ಚಿ, ಅದನ್ನು ಸರಪಳಿಯಿಂದ ಮೇಲೆತ್ತಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಹಾಕಿ ಒಂದು ಗಂಟೆ ನೆನೆಯಲು ಬಿಡುವುದು ಅವಳ ಪದ್ಧತಿ. ಅವಸರ ಮಾಡಿದರೆ ಬೋಲ್ಟಿನ ತಲೆಯೇ ಕಿತ್ತು ಬರುತ್ತದೆ. ಆರು ಗಂಟೆಯಲ್ಲಿ ಅದಕ್ಕೆಲ್ಲ ಪುರುಸೊತ್ತಿತ್ತು.

ದಾರಿಯ ನಡುವೆ ದೊಡ್ಡ ಜೌಗು ಇತ್ತು. ನದಿ ಅಲ್ಲಿ ಹರಡಿಕೊಂಡು, ಸುಧಾರಿಸಿಕೊಂಡು, ಆಮೇಲೆ ಊರ ಕಡೆ ಹೊರಡುತ್ತಿತ್ತು. ಎರಡು ವರ್ಷದ ಹಿಂದೆ ಜೌಗಿಗೆ ಮಣ್ಣು ತುಂಬಿ ತೋಟ ಮಾಡಿದರು, ನದಿಯನ್ನು ನೆಟ್ಟನೆಯ ಕಾಲುವೆಗೆ ತಿರುಗಿಸಿದರು, ಎರಡೂ ಕಡೆಯ ಗುಡ್ಡ ಬೋಳಿಸಿದರು. ಮಳೆಯೂ ಮೊದಲಿನಂತಿರಲಿಲ್ಲ. ಹದಿನೈದು ದಿನ ಜಿನುಗಬೇಕಾದದ್ದು ಒಂದೇ ಹೊತ್ತಿನಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತಿತ್ತು.

ಜೌಗೇ ಇಲ್ಲ ಅಂದ್ಮೇಲೆ ಆರು ಗಂಟೆ ಹೇಗಾಗತ್ತೆ ಎಂದು ಅಮ್ಮ ಒಮ್ಮೆ ಕೇಳಿದ್ದಳು. ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ನದಿಯ ವಿಷಯ ತನಗೆ ಹೇಳಿಕೊಡಬೇಡ ಎಂದು ಊಟದ ತಟ್ಟೆ ಬಿಟ್ಟು ಎದ್ದ. ಆಮೇಲೆ ಅವಳು ಕೇಳಲಿಲ್ಲ. ಆ ಎರಡು ವರ್ಷ ನೀರು ಕೆಂಪು ಗೆರೆ ಮುಟ್ಟದ ಕಾರಣ ಯಾರ ಮಾತು ಸರಿ ಎಂದು ತಿಳಿಯಲೂ ಇಲ್ಲ.

ಅವತ್ತು ಶಾಲೆಗೆ ರಜೆ. ಮಕ್ಕಳ ಉತ್ತರಪತ್ರಿಕೆ ತಿದ್ದಲು ಮಾವನ ಕೋಣೆಯೇ ಸರಿ ಎಂದು ಅಲ್ಲಿಗೆ ಹೋಗಿದ್ದೆ. ಬೆಳಗ್ಗೆಯಿಂದ ಮಳೆ ಸುರಿದು ಹನ್ನೆರಡಕ್ಕೆ ನೀರು ಕೆಂಪು ಗೆರೆ ಮುಟ್ಟಿತು. ಸಂಜೆ ಆರಕ್ಕೆ ಬರುತ್ತದೆ ಎಂದು ಮಾವ ಅಮ್ಮನಿಗೆ ಹೇಳಿ, ನೆಮ್ಮದಿಯಾಗಿ ಟೀ ಕುಡಿದ.

ಒಂದು ಗಂಟೆಗೆ ಹಾಲಿನ ವ್ಯಾನಿನವನ ಫೋನ್ ಬಂತು. ಅರ್ಧ ದಾರಿಯ ಸೇತುವೆಯನ್ನು ದಾಟುವ ಮೊದಲು ಮಾವನನ್ನು ಕೇಳುವುದು ಅವನ ರೂಢಿ. ಕೆಂಪು ನೀರು ಆಗಲೇ ಸೇತುವೆ ಮುಟ್ಟುತ್ತಿದೆ, ದಾಟಲೋ ಬೇಡವೋ ಎಂದ. ದಾಟಬೇಡ ಎಂದ ಮಾವನ ಲೆಕ್ಕದಲ್ಲಿ ಆ ನೀರು ಸೇತುವೆಗೆ ಬರಬೇಕಾದದ್ದು ಮೂರಕ್ಕೆ.

ಅರ್ಧ ದಾರಿಗೆ ಒಂದು ಗಂಟೆಯಾದರೆ ಊರಿಗೆ ಎರಡು. ಅಂದರೆ ಉಳಿದಿದ್ದು ಒಂದೇ ಗಂಟೆ. ಅಮ್ಮನಿಗೆ ಫೋನ್ ಮಾಡಿದೆವು, ರಿಂಗಾಯಿತು, ಎತ್ತಲಿಲ್ಲ. ಬಾವಿಗಿಳಿಯುವಾಗ ಅವಳು ಫೋನನ್ನು ಮೇಲೆ ಕಿಟಕಿಯಲ್ಲೇ ಇಟ್ಟು ಹೋಗುತ್ತಾಳೆ. ಊರಿನ ನೀರು ಸರಬರಾಜು ಕಚೇರಿಗೆ ಹೇಳಿದರೆ, ಜೀಪು ಬೇರೆ ಕಡೆ ಹೋಗಿದೆ ಎಂದರು. ಮಾವ ಸ್ಕೂಟರ್ ತೆಗೆದು, ಸೇತುವೆ ದಾಟಬೇಕಿಲ್ಲದ ದಂಡೆಯ ದಾರಿ ಹಿಡಿದ. ಹಿಂದೆ ಕೂತ ನಾನು ದಾರಿಯುದ್ದಕ್ಕೂ ಅಮ್ಮನ ನಂಬರ್ ಒತ್ತುತ್ತಲೇ ಇದ್ದೆ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆ ಸಿಟ್ಟು.

ಜೌಗಿದ್ದ ಜಾಗದಲ್ಲಿ ಎಳೆ ಗಿಡಗಳ ಸಾಲು. ಪಕ್ಕದ ಕಾಲುವೆಯಲ್ಲಿ ಕೆಸರು ನೀರು ಎಲ್ಲೂ ತಡೆಯದೆ ಓಡುತ್ತಿತ್ತು. ಊರಿಗೆ ಎರಡೂವರೆ ಕಿಲೋಮೀಟರ್ ಇರುವಾಗ ನೀರಿನ ಮುಂತುದಿಯನ್ನು ಹಿಂದೆ ಹಾಕಿದೆವು. ಎರಡಕ್ಕೆ ಹತ್ತು ನಿಮಿಷವಿತ್ತು.

ಪಂಪ್‌ಹೌಸ್ ಮುಟ್ಟಿದೊಡನೆ ಮಾವ ಬಾವಿಯ ಬಾಯಿಗೆ ಬಗ್ಗಿ, ಎಲ್ಲ ಬಿಟ್ಟು ಮೇಲೆ ಬಾ ಎಂದು ಕೂಗಿದ. ಅಮ್ಮ ತಲೆ ಎತ್ತಿದಳು, ಕೈಯಲ್ಲಿ ಸ್ಪ್ಯಾನರ್.

"ಎರಡೇ ಬೋಲ್ಟ್ ಉಳಿದಿದೆ. ಇನ್ನೂ ನಾಲ್ಕು ಗಂಟೆ ಇದೆಯಲ್ಲಣ್ಣ."

"ಇಲ್ಲ. ನಾನು ತಪ್ಪು ಹೇಳಿದೆ."

ಅವನ ಬಾಯಲ್ಲಿ ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸ್ಪ್ಯಾನರ್ ಕೆಳಗೆ ಬಿದ್ದ ಸದ್ದು ಕೇಳಿತು. ಅವಳು ಕಬ್ಬಿಣದ ಏಣಿ ಹತ್ತತೊಡಗಿದಳು. ಇನ್ನು ಹತ್ತು ಮೆಟ್ಟಿಲಿರುವಾಗ ನದಿಯ ಕಡೆಗಿದ್ದ ಬಾವಿಯ ಕಿಂಡಿಯಿಂದ ನೀರು ಒಳಗೆ ನುಗ್ಗಿತು. ಅವಳ ಮೊಣಕಾಲಿಗೆ ನೀರು ಬರುವಷ್ಟರಲ್ಲಿ ಮಾವ ಒಂದು ಕೈ, ನಾನು ಒಂದು ಕೈ ಹಿಡಿದು ಎಳೆದೆವು. ಮೋಟಾರು ಮುಳುಗಿತು.

ಪಂಪ್‌ಹೌಸಿನ ಹಿಂದಿನ ದಿಬ್ಬದ ಮೇಲೆ ಕೂತು ಉಸಿರು ತಿರುಗಿದ ಮೇಲೆ ಅಮ್ಮ ಕೇಳಿದಳು, "ಇನ್ಮೇಲೆ ಎಷ್ಟು ಗಂಟೆ ಅಂತ ಇಟ್ಕೊಳ್ಳಲಿ?"

ಮಾವ "ಗೊತ್ತಿಲ್ಲಮ್ಮ" ಎಂದ.

ಗೋಡೆಯ ಮೇಲಿನ ಆರಕ್ಕೆ ಅವನೇ ಸುಣ್ಣ ಬಳಿದ. ಆ ಜಾಗದಲ್ಲಿ ಬೇರೆ ಅಂಕಿ ಬರೆದಿಲ್ಲ. ಈಗಲೂ ನೀರು ಏರಿದರೆ ಫೋನ್ ಮಾಡುತ್ತಾನೆ, ಆದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವುದಿಲ್ಲ. ಎಲ್ಲಿದ್ದೀಯ ಎಂದು ಕೇಳುತ್ತಾನೆ. ದಿಬ್ಬದ ಮೇಲಿದ್ದೀನಿ ಎಂದು ಅವಳು ಹೇಳುವವರೆಗೂ ಫೋನ್ ಇಡುವುದಿಲ್ಲ.